ಸೊಂಟದಲ್ಲಿ ಲೋಹ, ಸಿಟಿ ಸ್ಕ್ಯಾನ್‌ನಲ್ಲಿ ಗೆರೆ: ಪ್ರಾಸ್ಟೇಟ್ ರೇಡಿಯೊಥೆರಪಿಗೆ ಯಾವ ಚಿತ್ರವನ್ನು ಎಷ್ಟು ನಂಬಬೇಕು?

ಇದು ದಾವಣಗೆರೆ ಜಿಲ್ಲೆಯ ಮಳೆಯಾಶ್ರಿತ ಸೀಮೆಯ ಒಬ್ಬ ರೈತರ ಪ್ರಕರಣ. ಗುರುತು ಹತ್ತದಂತೆ ಊರು, ತಿಂಗಳು ಮತ್ತು ಒಂದೆರಡು ವಿವರಗಳನ್ನು ಬದಲಿಸಿದೆ. ಚಿಕಿತ್ಸೆ ಕೊಟ್ಟ ಆಸ್ಪತ್ರೆ, ಸ್ಕ್ಯಾನ್ ಸೆಂಟರ್‌ಗಳ ಹೆಸರು ಇಲ್ಲಿ ಬೇಕಿಲ್ಲ. ಅವರನ್ನು ಯಜಮಾನರು ಎಂದಷ್ಟೇ ಕರೆಯೋಣ.

ಹಿನ್ನೆಲೆ

ಯಜಮಾನರ ವಯಸ್ಸು ಅರವತ್ತರ ಕೊನೆ. ಮೆಕ್ಕೆಜೋಳದ ಬೇಸಾಯ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದು, ಧಾರೆ ಸಣ್ಣಗಾಗುವುದು ವರ್ಷದಿಂದ ಇತ್ತು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಿದ್ದರು. ಪ್ರಾಸ್ಟೇಟ್ ರೋಗದಲ್ಲಿ ಏರುವ ರಕ್ತದ ಅಂಶ ಪಿಎಸ್‌ಎ 24 ಬಂತು. ಬೆರಳಿನ ಪರೀಕ್ಷೆಯಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಎಡಭಾಗ ಗಟ್ಟಿ. ಬಯಾಪ್ಸಿಯಲ್ಲಿ ತೆಗೆದ 12 ತುಣುಕುಗಳಲ್ಲಿ 7ರಲ್ಲಿ ಕ್ಯಾನ್ಸರ್, ಅದರ ಉಗ್ರತೆ ಹೇಳುವ ಗ್ಲೀಸನ್ ಅಂಕ 4+3. ಪಿಎಸ್‌ಎ 20 ದಾಟಿದರೆ ಸಾಕು, ಉಳಿದದ್ದು ಏನೇ ಇರಲಿ, ರೋಗ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತದೆ.

ಮುಂದೆ ಎಲ್ಲಕ್ಕೂ ಅಡ್ಡ ಬಂದ ಸಂಗತಿ ಇನ್ನೊಂದಿತ್ತು. ಕೆಲವು ವರ್ಷಗಳ ಹಿಂದೆ ಕಣದಲ್ಲಿ ಜಾರಿ ಬಿದ್ದು ಬಲ ಸೊಂಟದ ಕೀಲು ಮುರಿದಿತ್ತು. ಆಗ ಪೂರ್ತಿ ಕೀಲು ಬದಲಿಸಿ ಲೋಹದ್ದು ಕೂರಿಸಿದ್ದರು. ನಡೆಯಲು ತೊಂದರೆ ಇರಲಿಲ್ಲವಾದ್ದರಿಂದ ಮೊದಲ ಭೇಟಿಯಲ್ಲಿ ಅವರು ಅದನ್ನು ಹೇಳಲೂ ಇಲ್ಲ. ಗೊತ್ತಾದದ್ದು ಎಂಆರ್‌ಐ ಕೋಣೆಯ ಬಾಗಿಲಲ್ಲಿ ಕೇಳುವ ಪ್ರಶ್ನೆಪಟ್ಟಿಯಿಂದ.

ಆ ಮೊದಲ ಎಂಆರ್‌ಐ ನಡೆದದ್ದು ಬಯಾಪ್ಸಿ ಆಗಿ ಮೂರೇ ವಾರಕ್ಕೆ. ಸೂಜಿ ಚುಚ್ಚಿದ ಕಡೆ ಕಟ್ಟಿದ ರಕ್ತ ಎಂಆರ್‌ಐಯ ಟಿ1 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗೆ, ಟಿ2 ಎಂಬ ಬಗೆಯದರಲ್ಲಿ ಕಪ್ಪಗೆ ಕಾಣುತ್ತದೆ. ಟಿ2ನಲ್ಲಿ ಗೆಡ್ಡೆಯೂ ಕಪ್ಪೇ. ಆರರಿಂದ ಎಂಟು ವಾರ ಬಿಟ್ಟು ಮಾಡಿ ಎನ್ನುವುದು ಇದಕ್ಕೇ. ಇನ್ನೂ ಒಳ್ಳೆಯದೆಂದರೆ ಬಯಾಪ್ಸಿಗೆ ಮೊದಲೇ ಎಂಆರ್‌ಐ ಮುಗಿಸುವುದು. ಆದರೂ ವರದಿ ಉಪಯೋಗಕ್ಕೆ ಬಂತು. ಎಡ ಮೇಲ್ಭಾಗದ ಹೊರವಲಯದಲ್ಲಿ 17 ಮಿ.ಮೀ. ಗೆಡ್ಡೆ, ಪಿರಾಡ್ಸ್ 5 (ಎಂಆರ್‌ಐಯಲ್ಲಿ ಕ್ಯಾನ್ಸರಿನ ಅನುಮಾನಕ್ಕೆ ಕೊಡುವ ಗರಿಷ್ಠ ಅಂಕ), ಎಡ ವೀರ್ಯಕೋಶದ ಬುಡಕ್ಕೆ ತಾಗಿರುವ ಅನುಮಾನ. ಗ್ರಂಥಿಯ ಗಾತ್ರ 56 ಸಿಸಿ.

ಶಸ್ತ್ರಚಿಕಿತ್ಸೆಯ ಮಾತೂ ಆಯಿತು. ಕೊನೆಗೆ ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ (ಮುಂದೆ ಹಾರ್ಮೋನ್ ಎಂದದ್ದೆಲ್ಲ ಇದೇ) ಜೊತೆಗೆ ರೇಡಿಯೇಷನ್ ಎಂದು ತೀರ್ಮಾನವಾಯಿತು. ಯಜಮಾನರ ಷರತ್ತು ಒಂದೇ: "ಕರೆಂಟ್ ಕೊಡೋದಾದ್ರೆ ಇಲ್ಲೇ ಕೊಡ್ರಿ. ಬೆಂಗಳೂರಿಗೆ ಹೋಗಿ ತಿಂಗಳುಗಟ್ಟಲೆ ಇರಾಕೆ ನಮ್ಮ ಕೈಲಿ ಆಗಲ್ಲ."

ಮೊದಲ ನಿರ್ಧಾರ: ಇಂಜೆಕ್ಷನ್ ಮೊದಲೋ, ಪೆಟ್ ಮೊದಲೋ

ಹಾರ್ಮೋನ್ ಇಂಜೆಕ್ಷನ್ ಚೀಟಿ ಆಗಲೇ ಬರೆದಾಗಿತ್ತು. ಅದನ್ನು ಒಂದು ವಾರ ತಡೆಹಿಡಿದು ಪಿಎಸ್‌ಎಂಎ ಪೆಟ್ ಸ್ಕ್ಯಾನ್‌ಗೆ (ಪ್ರಾಸ್ಟೇಟ್ ಕ್ಯಾನ್ಸರ್ ಜೀವಕೋಶಗಳ ಮೇಲಿರುವ ಪಿಎಸ್‌ಎಂಎ ಎಂಬ ಪ್ರೋಟೀನಿಗೆ ವಿಕಿರಣ ಔಷಧ ಅಂಟಿಸಿ, ರೋಗ ಇರುವ ಜಾಗ ಹೊಳೆಯುವಂತೆ ಮಾಡುವ ಸ್ಕ್ಯಾನ್) ಬೆಂಗಳೂರಿಗೆ ಕಳಿಸಲಾಯಿತು. ಹಾರ್ಮೋನ್ ಇಂಜೆಕ್ಷನ್ ಬಿದ್ದ ಮೇಲೆ ಜೀವಕೋಶಗಳ ಮೇಲಿನ ಪಿಎಸ್‌ಎಂಎ ಪ್ರಮಾಣ ಏರುಪೇರಾಗುತ್ತದೆ, ತಿಂಗಳುಗಳು ಕಳೆದರೆ ಸಣ್ಣ ಗಂಟುಗಳು ಕುಗ್ಗಿ ಕಾಣದೆಯೂ ಹೋಗಬಹುದು. ಒಂದು ವಾರದ ತಡದಿಂದ ಪ್ರಾಸ್ಟೇಟ್ ಕ್ಯಾನ್ಸರ್ ಓಡಿಹೋಗುವುದಿಲ್ಲ. ತಪ್ಪಿಸಿಕೊಂಡ ಮಾಹಿತಿ ಮಾತ್ರ ಮತ್ತೆ ಸಿಗುವುದಿಲ್ಲ.

ಮಗ ಕೇಳಿದ ಪ್ರಶ್ನೆ ನ್ಯಾಯವಾದದ್ದೇ: "ಎಂಆರ್‌ಐ ಆತು, ಬೋನ್ ಸ್ಕ್ಯಾನ್ ಆತು, ಈಗ ಇನ್ನೊಂದು ಯಾಕ್ರೀ ಸರ್? ಇದೂ ದುಡ್ಡಿನ ಮಾತು." ಅವರಿಗೆ ಕೊಟ್ಟ ಉತ್ತರವೇ ಈ ಪ್ರಕರಣದ ತಿರುಳು. ರೋಗ ಎಲ್ಲೆಲ್ಲಿಗೆ ಹಬ್ಬಿದೆ ಎನ್ನುವುದಕ್ಕೆ ಪೆಟ್. ಗ್ರಂಥಿಯ ಅಂಚು ಎಲ್ಲಿ ಮುಗಿಯುತ್ತದೆ ಎನ್ನುವುದಕ್ಕೆ ಎಂಆರ್‌ಐ. ದೇಹ ಕಿರಣವನ್ನು ಎಷ್ಟು ಹೀರಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವುದಕ್ಕೆ ಸಿಟಿ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಎಡವಟ್ಟಾಗುವುದು.

ಆಸ್ಟ್ರೇಲಿಯಾದಲ್ಲಿ ನಡೆದ ಪ್ರೊಪಿಎಸ್‌ಎಂಎ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಚ್ಚಿನ ಅಪಾಯದ 302 ಗಂಡಸರಲ್ಲಿ ಹಬ್ಬಿದ ರೋಗವನ್ನು ಗುರುತಿಸುವ ನಿಖರತೆ ಪಿಎಸ್‌ಎಂಎ ಪೆಟ್‌ಗೆ 92%, ಸಿಟಿ ಮತ್ತು ಬೋನ್ ಸ್ಕ್ಯಾನ್ ಎರಡೂ ಸೇರಿ 65%. ಯಜಮಾನರ ವಿಷಯದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಂಡಿತು. ಬೋನ್ ಸ್ಕ್ಯಾನ್‌ನಲ್ಲಿ ಬಲ ಸೊಂಟದ ಲೋಹದ ಸುತ್ತ ಹೊಳಪಿತ್ತು, ರೋಗವೋ ಹಳೆ ಆಪರೇಷನ್ನಿನ ಗುರುತೋ ಹೇಳಲಾಗಿರಲಿಲ್ಲ. ಪೆಟ್‌ನಲ್ಲಿ ಅಲ್ಲಿ ಏನೂ ಇಲ್ಲ. ಅದರ ಬದಲು ಎಡ ಆಬ್ಟುರೇಟರ್ ಭಾಗದಲ್ಲಿ (ಕಿಬ್ಬೊಟ್ಟೆಯ ಪಕ್ಕದ ಗೋಡೆಯಲ್ಲಿ) 6 ಮಿ.ಮೀ.ನ ಒಂದು ದುಗ್ಧಗ್ರಂಥಿ (ಲಿಂಫ್ ನೋಡ್) ಹೊಳೆಯಿತು. ಗಾತ್ರ ನೋಡಿ ತೀರ್ಪು ಕೊಡುವ ಸಿಟಿಯಲ್ಲಿ 6 ಮಿ.ಮೀ. ಎಂದರೆ ಸಹಜ ಎಂದೇ ಬರೆದುಬಿಡುತ್ತಾರೆ.

ಬೆಂಗಳೂರಿಗೇ ಯಾಕೆ ಹೋಗಬೇಕು ಎಂಬುದಕ್ಕೂ ಕಾರಣ ಇದೆ. ಪೆಟ್ ಔಷಧದಲ್ಲಿರುವ ವಿಕಿರಣ ವಸ್ತು ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ. ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೆದ್ದಾರಿಯಲ್ಲಿ ಔಷಧ ತರುವ ಹೊತ್ತಿಗೆ ಅದರ ಬಹುಪಾಲು ಕರಗಿಹೋಗಿರುತ್ತದೆ. ರೋಗಿ ಹೋಗಿಬರುವುದೇ ಸುಲಭ.

ಪೆಟ್ ಬಂದ ಮೇಲೆ ಪ್ಲಾನ್ ಬದಲಾಯಿತು. ಪ್ರಾಸ್ಟೇಟ್ ಮಾತ್ರ ಎಂದಿದ್ದದ್ದು ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳನ್ನೂ ಸೇರಿಸಿಕೊಂಡಿತು. ಇದಕ್ಕೆ ನಮ್ಮ ದೇಶದ್ದೇ ಆಧಾರ ಇದೆ. ಮುಂಬೈನ ಟಾಟಾ ಮೆಮೋರಿಯಲ್‌ನ ಪಾಪ್-ಆರ್‌ಟಿ ಅಧ್ಯಯನದಲ್ಲಿ 224 ಮಂದಿ ಇದ್ದರು, ಹೆಚ್ಚಿನವರಿಗೆ ಪಿಎಸ್‌ಎಂಎ ಪೆಟ್ ಆಗಿತ್ತು. ಐದು ವರ್ಷದ ಹೊತ್ತಿಗೆ ಪಿಎಸ್‌ಎ ಮತ್ತೆ ಏರದೆ ಉಳಿದವರು ಕಿಬ್ಬೊಟ್ಟೆಗೂ ಕಿರಣ ಕೊಟ್ಟ ಗುಂಪಿನಲ್ಲಿ 95%, ಪ್ರಾಸ್ಟೇಟ್‌ಗೆ ಮಾತ್ರ ಕೊಟ್ಟ ಗುಂಪಿನಲ್ಲಿ 81%. ಆ ಅಧ್ಯಯನದಲ್ಲಿದ್ದವರು ದುಗ್ಧಗ್ರಂಥಿಯಲ್ಲಿ ರೋಗ ಕಾಣದವರು. ಇವರಿಗೆ ಕಂಡೇ ಇತ್ತು, ಹಾಗಾಗಿ ಕಿಬ್ಬೊಟ್ಟೆಯನ್ನು ಬಿಡುವ ಮಾತೇ ಬರಲಿಲ್ಲ.

ಸಮಸ್ಯೆ: ಅಂಚು ಕಾಣದ ಸಿಟಿ

ಹಾರ್ಮೋನ್ ಶುರುವಾಗಿ ಸುಮಾರು ಮೂರು ತಿಂಗಳಿಗೆ ಪ್ಲಾನಿಂಗ್ ಸಿಟಿ (ಕಿರಣ ಎಲ್ಲಿ ಬೀಳಬೇಕೆಂದು ಗೆರೆ ಎಳೆಯಲು ತೆಗೆಯುವ ಸಿಟಿ) ಮಾಡಲಾಯಿತು. ಅಂಗಾತ ಮಲಗಿಸಿ, ಮಂಡಿ ಕೆಳಗೆ ಮತ್ತು ಪಾದಕ್ಕೆ ಆನಿಕೆ ಇಟ್ಟು, ಸಮತಟ್ಟಾದ ಟೇಬಲ್ ಮೇಲೆ 2.5 ಮಿ.ಮೀ. ಸ್ಲೈಸ್. ಸೊಂಟದ ಬೆನ್ನುಮೂಳೆಯ ಮಧ್ಯದಿಂದ ಕುಳಿತುಕೊಳ್ಳುವ ಮೂಳೆಯ ಕೆಳಗಿನವರೆಗೆ. ಎಲ್ಲ ಕ್ರಮಬದ್ಧ. ಆದರೆ ಪ್ರಾಸ್ಟೇಟ್ ಮಟ್ಟಕ್ಕೆ ಬಂದ ಕೂಡಲೇ ಚಿತ್ರ ಹಾಳು. ಬಲಗಡೆಯ ಲೋಹದ ಗುಂಡಿನಿಂದ ಎಡ ತೊಡೆಮೂಳೆಯವರೆಗೆ ಕಪ್ಪು-ಬಿಳಿ ಪಟ್ಟಿಗಳು ಅಡ್ಡಡ್ಡ ಹಾಯ್ದಿದ್ದವು, ಸರಿಯಾಗಿ ಗ್ರಂಥಿಯ ನಡುವೆಯೇ. ಲೋಹದ ಗೆರೆ ಕಡಿಮೆ ಮಾಡುವ ಸಾಫ್ಟ್‌ವೇರ್ ಹಾಕಿದಾಗ ಪಟ್ಟಿಗಳು ತಿಳಿಯಾದವು. ಆದರೆ ಆ ತಿಳಿಯಾದ ಚಿತ್ರದಲ್ಲೂ ಕೆಲವು ಅಂಚುಗಳು ಸಾಫ್ಟ್‌ವೇರ್ ಹುಟ್ಟಿಸಿದವೇ, ನಿಜದವಲ್ಲ. ಹಾಗಾಗಿ ಮೂಲ ಚಿತ್ರ ಮತ್ತು ತಿದ್ದಿದ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳದೆ ಗೆರೆ ಎಳೆಯಬಾರದು.

ಇಬ್ಬರು ವೈದ್ಯರು ಒಬ್ಬರದನ್ನೊಬ್ಬರು ನೋಡದೆ ಗ್ರಂಥಿಯ ಅಂಚಿನ ಗೆರೆ ಬರೆದರು. ಒಬ್ಬರದು 51 ಸಿಸಿ, ಇನ್ನೊಬ್ಬರದು 60. ಕೆಳತುದಿ ಎಲ್ಲಿ ಮುಗಿಯಿತು ಎನ್ನುವುದರಲ್ಲೇ ಇಬ್ಬರ ನಡುವೆ 9 ಮಿ.ಮೀ. ವ್ಯತ್ಯಾಸ. ಇದು ಅವರ ಅನುಭವದ ಕೊರತೆ ಅಲ್ಲ. ಸಿಟಿಯಲ್ಲಿ ಪ್ರಾಸ್ಟೇಟ್, ಅದರ ಕೆಳಗಿನ ಮೂತ್ರ ತಡೆಯುವ ಸ್ನಾಯು, ಪಕ್ಕದ ಲಿವೇಟರ್ ಸ್ನಾಯು, ಸುತ್ತಲ ರಕ್ತನಾಳಗಳ ಜಾಲ ಎಲ್ಲವೂ ಹೆಚ್ಚುಕಡಿಮೆ ಒಂದೇ ಬೂದು. ಲೋಹ ಇಲ್ಲದವರಲ್ಲೂ ಸಿಟಿ ಮೇಲೆ ಬರೆದ ಪ್ರಾಸ್ಟೇಟ್ ಎಂಆರ್‌ಐ ಮೇಲೆ ಬರೆದದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿಯೇ ಬರುತ್ತದೆ. 1990ರ ದಶಕದಿಂದ ಮತ್ತೆ ಮತ್ತೆ ಅಳೆದು ನೋಡಿದ ವಿಷಯ ಇದು. ಹೆಚ್ಚುವರಿ ಸೇರಿಕೊಳ್ಳುವುದು ಮುಖ್ಯವಾಗಿ ಕೆಳತುದಿಯಲ್ಲಿ ಮತ್ತು ವೀರ್ಯಕೋಶ ಕೂಡುವ ಮೇಲ್ಭಾಗದಲ್ಲಿ. ಕೆಳಗೆ ಅನಗತ್ಯವಾಗಿ ಒಂದು ಸೆಂಟಿಮೀಟರ್ ಇಳಿದರೆ ಶಿಶ್ನದ ಬುಡ ಮತ್ತು ಗುದದ್ವಾರದ ಸ್ನಾಯು ಪೂರ್ತಿ ಡೋಸ್ ತಿನ್ನುತ್ತವೆ.

ಏನೇನು ಪ್ರಯತ್ನಿಸಲಾಯಿತು

ಎಲ್ಲರಿಗೂ ಮೊದಲು ಹೊಳೆದ ದಾರಿ ಕೈಯಲ್ಲಿದ್ದ ಹಳೆಯ ಎಂಆರ್‌ಐಯನ್ನೇ ಸಿಟಿ ಮೇಲೆ ಕೂರಿಸುವುದು. ಖರ್ಚಿಲ್ಲ, ಓಡಾಟವಿಲ್ಲ. ಪ್ಲಾನಿಂಗ್ ಸಾಫ್ಟ್‌ವೇರ್‌ನಲ್ಲಿ ಮೂಳೆಗಳನ್ನು ಹಿಡಿದು ಹೊಂದಿಸಿದಾಗ ಸೊಂಟದ ಮೂಳೆಗಳು ಮಿಲಿಮೀಟರ್ ಲೆಕ್ಕದಲ್ಲಿ ಕೂತವು. ತೆರೆಯ ಮೇಲೆ ಅಚ್ಚುಕಟ್ಟು. ಇಲ್ಲೇ ಬಹಳಷ್ಟು ಕಡೆ ಕೆಲಸ ಮುಗಿಸಿಬಿಡುತ್ತಾರೆ. ಆದರೆ ಎಂಆರ್‌ಐ ಪದರವನ್ನು ಅರೆಪಾರದರ್ಶಕ ಮಾಡಿ ಗುದನಾಳದ ಮುಂಗೋಡೆಯ ಉದ್ದಕ್ಕೂ ಕರ್ಸರ್ ಓಡಿಸಿದಾಗ ಎಂಆರ್‌ಐಯ ಪ್ರಾಸ್ಟೇಟ್ ಸಿಟಿಯದಕ್ಕಿಂತ 7 ಮಿ.ಮೀ. ಮುಂದೆ ಕೂತಿತ್ತು. ಹಳೆ ಎಂಆರ್‌ಐ ದಿನ ಗುದನಾಳದಲ್ಲಿ ಗಾಳಿ ತುಂಬಿ ಗ್ರಂಥಿಯನ್ನು ಮುಂದಕ್ಕೆ ದೂಡಿತ್ತು. ಪ್ರಾಸ್ಟೇಟ್ ಮೂಳೆಗೆ ಕಟ್ಟಿಕೊಂಡ ಅಂಗವಲ್ಲ. ಗುದನಾಳ ಮತ್ತು ಮೂತ್ರಕೋಶ ಎತ್ತ ತಳ್ಳಿದರೆ ಅತ್ತ. ಮೂಳೆ ಹೊಂದಿದರೆ ಗ್ರಂಥಿ ಹೊಂದಿತು ಎಂದುಕೊಳ್ಳುವುದು ಫ್ಯೂಷನ್ನಿನ (ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವುದರ) ಅತಿ ಸಾಮಾನ್ಯ ತಪ್ಪು.

ಮೂಳೆ ಬಿಟ್ಟು ಗ್ರಂಥಿಯನ್ನೇ ಹಿಡಿದು ಹೊಂದಿಸಿದರೆ? ಅದೂ ಕೂರಲಿಲ್ಲ. ಹಳೆ ಎಂಆರ್‌ಐ ಹಾರ್ಮೋನ್‌ಗೆ ಮೊದಲಿನದು. ಮೂರು ತಿಂಗಳ ಹಾರ್ಮೋನ್ ಗ್ರಂಥಿಯನ್ನು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಗ್ಗಿಸುತ್ತದೆ. ಇದ್ದ ಆಕಾರವೇ ಈಗ ಇಲ್ಲ. ಚಿತ್ರವನ್ನು ಎಳೆದು ಹಿಗ್ಗಿಸಿ ಹೊಂದಿಸುವ ಡಿಫಾರ್ಮಬಲ್ ವಿಧಾನವನ್ನು ಯಾರೋ ಸೂಚಿಸಿದರು. ಅದನ್ನು ಬೇಡವೆಂದದ್ದು ಈ ಪ್ರಕರಣದ ಒಳ್ಳೆಯ ನಿರ್ಧಾರಗಳಲ್ಲೊಂದು. ಸಿಟಿಯ ಕಡೆ ಅಂಚೇ ಕಾಣದಿರುವಾಗ ಸಾಫ್ಟ್‌ವೇರ್ ಏನನ್ನು ಹಿಡಿದು ಎಳೆಯಬೇಕು? ಲೋಹದ ಪಟ್ಟಿಯನ್ನೇ ಅಂಚು ಎಂದುಕೊಂಡು ನಯವಾಗಿ ಸುಳ್ಳು ಹೇಳುತ್ತದೆ.

ಮೂತ್ರನಾಳಕ್ಕೆ ಕಾಂಟ್ರಾಸ್ಟ್ ಹಾಕಿ ಸಿಟಿ ತೆಗೆಯುವ ಹಳೆ ಪದ್ಧತಿಯೂ ಚರ್ಚೆಗೆ ಬಂತು. ಕಾಂಟ್ರಾಸ್ಟ್ ಶಂಕುವಿನಂತೆ ಮೊನಚಾಗುವ ಜಾಗದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಕೆಳತುದಿ ಎಂದು ಅಂದಾಜಿಸಬಹುದು. ಅದು ಕೆಳತುದಿಯೊಂದನ್ನೇ ಹೇಳುತ್ತದೆ, ಅದೂ ಒತ್ತಿ ಹಾಕಿದರೆ ಗ್ರಂಥಿ ಮೇಲೆ ಸರಿಯುತ್ತದೆ. ಕೈಬಿಡಲಾಯಿತು. ಪ್ಲಾನಿಂಗ್‌ಗೆಂದೇ ಹೊಸದಾಗಿ ಎಂಆರ್‌ಐ, ಅದಕ್ಕೆ ಮೊದಲು ಗ್ರಂಥಿಯೊಳಗೆ ಚಿನ್ನದ ಗುರುತುಕಾಳು ಎಂದು ತೀರ್ಮಾನವಾಯಿತು.

ಚಿನ್ನದ ಗುರುತುಕಾಳುಗಳು ಮೂರು, ತಲಾ 1 ಮಿ.ಮೀ. ದಪ್ಪ, 3 ಮಿ.ಮೀ. ಉದ್ದ, ಅಕ್ಕಿಕಾಳಿಗಿಂತ ಚಿಕ್ಕವು. ಅಲ್ಟ್ರಾಸೌಂಡ್ ನೋಡುತ್ತ ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದಿಂದ ಸೂಜಿ ಹಾಯಿಸಿ ಇಡಲಾಯಿತು. ಗುದನಾಳದ ಮೂಲಕ ಹೋಗುವುದು ಸುಲಭವಾದರೂ ಸೋಂಕಿನ ಅಪಾಯ ಅಲ್ಲಿ ಹೆಚ್ಚು. ಎರಡು ಒಂದು ಬದಿಗೆ, ಒಂದು ಇನ್ನೊಂದು ಬದಿಗೆ, ಮೂರೂ ಬೇರೆ ಬೇರೆ ಎತ್ತರದಲ್ಲಿ, ಒಂದೇ ಸಾಲಿನಲ್ಲಿ ಬರದಂತೆ. ಒಂದೇ ಗೆರೆಯಲ್ಲಿ ಬಿದ್ದರೆ ಗ್ರಂಥಿ ತಿರುಗಿದ್ದು ಗೊತ್ತಾಗುವುದಿಲ್ಲ. ಊತ ಇಳಿದು ಕಾಳು ನೆಲೆ ನಿಲ್ಲಲು ಒಂದು ವಾರ ಬಿಟ್ಟು ಮುಂದಿನ ಸ್ಕ್ಯಾನ್.

ಅಷ್ಟರಲ್ಲಿ ಸೊಂಟದ ಲೋಹ ಯಾವುದು ಎಂದು ಕಾಗದದಲ್ಲಿ ಬೇಕಾಯಿತು. ಮೊದಲ ಎಂಆರ್‌ಐಗೆ ಬರೀ ಬಾಯಿಮಾತಿನ ಒಪ್ಪಿಗೆ ಇತ್ತು, ಅದು ಸಾಲದು. ಇಂಪ್ಲಾಂಟ್ ಕಾರ್ಡ್ ಕಳೆದುಹೋಗಿತ್ತು. ಮಗ ಮನೆಯಿಂದ ಹಳೆ ಡಿಸ್ಚಾರ್ಜ್ ಕಾಗದ ತಂದರು. ಅದರ ಕೊನೆ ಪುಟದಲ್ಲಿ ಸೊಂಟದ ಭಾಗಗಳ ಡಬ್ಬಿಯಿಂದ ಕಿತ್ತು ಅಂಟಿಸಿದ ನಾಲ್ಕು ಸ್ಟಿಕ್ಕರ್ ಇದ್ದವು, ಒಂದರ ಮೂಲೆ ಹರಿದಿತ್ತು, ಆದರೂ ಅಕ್ಷರ ಓದಲು ಬರುತ್ತಿತ್ತು. ಕಾಂಡ ಟೈಟಾನಿಯಂ, ಗುಂಡು ಕೋಬಾಲ್ಟ್-ಕ್ರೋಮ್. ಈ ಸ್ಟಿಕ್ಕರ್ ಎರಡು ಕೆಲಸಕ್ಕೆ ಬಂತು. ಎಂಆರ್‌ಐ ಸುರಕ್ಷಿತ ಎಂದು ಖಾತ್ರಿಯಾಯಿತು. ಡೋಸ್ ಲೆಕ್ಕಕ್ಕೆ ಲೋಹದ ಸಾಂದ್ರತೆ ಎಷ್ಟೆಂದು ಫಿಸಿಸಿಸ್ಟ್‌ಗೆ ತಿಳಿಯಿತು, ಟೈಟಾನಿಯಂಗೆ ಸಿಸಿಗೆ ಸುಮಾರು 4.5 ಗ್ರಾಂ, ಕೋಬಾಲ್ಟ್-ಕ್ರೋಮ್‌ಗೆ 8ರ ಆಸುಪಾಸು. 3 ಟೆಸ್ಲಾ ಬಿಟ್ಟು 1.5 ಟೆಸ್ಲಾ ಯಂತ್ರವನ್ನೇ ಆರಿಸಿಕೊಂಡದ್ದೂ ಲೋಹದ ಕಾರಣಕ್ಕೇ. ಕಾಂತಶಕ್ತಿ ಏರಿದಷ್ಟೂ ಲೋಹದ ಸುತ್ತ ಚಿತ್ರ ತಿರುಚುತ್ತದೆ.

ಸಿಟಿ ಇರುವುದು ಒಂದು ಕಟ್ಟಡ, ಎಂಆರ್‌ಐ ಊರಿನ ಇನ್ನೊಂದು ಕಡೆಯ ಸೆಂಟರ್. ಎರಡೂ ಒಂದೇ ದಿನ, ಒಂದೇ ಸ್ಥಿತಿಯಲ್ಲಿ ಆಗಬೇಕು. ತುಂಬಿದ ಮೂತ್ರಕೋಶ ಇಟ್ಟುಕೊಂಡು ಆಟೋದಲ್ಲಿ ಕೂರುವುದು ಈ ವಯಸ್ಸಿನಲ್ಲಿ ಹಿಂಸೆ. ಆದ್ದರಿಂದ ಬೆಳಿಗ್ಗೆ ಮೂತ್ರ ಮಾಡಿ, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕಾದು ಹೊಸ ಸಿಟಿ. ಆಮೇಲೆ ಮೂತ್ರ ಮಾಡಿ ಎಂಆರ್‌ಐ ಸೆಂಟರ್‌ಗೆ ಹೋಗಿ, ಅಲ್ಲಿ ಮತ್ತೆ ನೀರು. ಎಂಆರ್‌ಐ ಅರ್ಧ ಗಂಟೆ ಹಿಡಿಯುವುದರಿಂದ ಅಷ್ಟರಲ್ಲಿ ಮೂತ್ರಕೋಶ ಇನ್ನಷ್ಟು ತುಂಬುತ್ತದೆ, ಹಾಗಾಗಿ ಅಲ್ಲಿ ಕಾಯುವ ಹೊತ್ತು ಅರ್ಧಕ್ಕೆ ಇಳಿಸಲಾಯಿತು. ಮಲಗುವ ಭಂಗಿ ಬದಲಾಗದಂತೆ ಸಿಟಿಯ ಮಂಡಿ ಆನಿಕೆಯನ್ನೇ ಜೊತೆಗೆ ಕಳಿಸಲಾಯಿತು. ಗುಂಡಿಬಿದ್ದ ಎಂಆರ್‌ಐ ಟೇಬಲ್ ಮೇಲೆ ಲೋಹವಿಲ್ಲದ ಸಮತಟ್ಟು ಹಲಗೆ ಹಾಸಲಾಯಿತು.

ಕರುಳಿನ ಚಲನೆ ತಗ್ಗಿಸಲು ಕೊಡುವ ಬಸ್ಕೋಪಾನ್ ಇಂಜೆಕ್ಷನ್ ಕೊಡಲಿಲ್ಲ. ಮೊದಲೇ ಮೂತ್ರ ಕಟ್ಟುವ ತೊಂದರೆ ಇದ್ದವರಿಗೆ ಅದು ಪೂರ್ತಿ ಕಟ್ಟಿಸಬಹುದು. ಅದರ ಬದಲು ಹಿಂದಿನ ರಾತ್ರಿ ಸೌಮ್ಯ ಭೇದಿ ಮಾತ್ರೆ, ಬೆಳಿಗ್ಗೆ ಸಣ್ಣ ಎನಿಮಾ.

ಎಂಆರ್‌ಐ ತಂತ್ರಜ್ಞರಿಗೆ ಕೊಟ್ಟ ಚೀಟಿಯಲ್ಲಿ ಬರೆದದ್ದು ಹೀಗೆ: ಟಿ2, ನೇರ ಅಡ್ಡ ಛೇದ, ಓರೆ ಬೇಡ, 3 ಮಿ.ಮೀ.ಗಿಂತ ದಪ್ಪ ಬೇಡ, ಸ್ಲೈಸ್ ನಡುವೆ ಅಂತರ ಬೇಡ, ವೀರ್ಯಕೋಶದ ಮೇಲಿನಿಂದ ಶಿಶ್ನದ ಬುಡದ ಕೆಳಗಿನವರೆಗೆ, ತಿರುಚು ತಿದ್ದುವ ಆಯ್ಕೆ ಚಾಲೂ ಇರಲಿ, ಜೊತೆಗೆ ಒಂದು ಗ್ರೇಡಿಯೆಂಟ್ ಎಕೋ. ರೋಗ ಪತ್ತೆಗೆ ಮಾಡುವ ಎಂಆರ್‌ಐಯಲ್ಲಿ ಗ್ರಂಥಿಯ ಅಕ್ಷಕ್ಕೆ ಲಂಬವಾಗಿ ಓರೆಯಾಗಿ ತೆಗೆಯುವುದು ರೂಢಿ. ಅದು ಓದಲು ಚೆನ್ನ, ಸಿಟಿ ಮೇಲೆ ಕೂರಿಸಲು ತೊಡಕು. ಗ್ರೇಡಿಯೆಂಟ್ ಎಕೋದಲ್ಲಿ ಚಿನ್ನದ ಕಾಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಆದರೆ ಗ್ರಂಥಿಯೊಳಗಿನ ಸುಣ್ಣದ ಹರಳೂ ಕಪ್ಪಗೇ ಕಾಣುತ್ತದೆ. ಇವರಲ್ಲಿ ಮೂರು ಕಾಳಿಗೆ ಐದು ಕಪ್ಪು ಚುಕ್ಕೆ ಸಿಕ್ಕವು. ಸಿಟಿ ಪಕ್ಕದಲ್ಲಿಟ್ಟು ನೋಡಿಯೇ ಯಾವುದು ಚಿನ್ನ, ಯಾವುದು ಸುಣ್ಣ ಎಂದು ಬೇರ್ಪಡಿಸಬೇಕಾಯಿತು.

ಏನಾಯಿತು

ಮೂರು ಕಾಳುಗಳನ್ನು ಹಿಡಿದು ಹೊಂದಿಸಿದಾಗ ಉಳಿದ ವ್ಯತ್ಯಾಸ 2 ಮಿ.ಮೀ. ಒಳಗೆ. ಎಂಆರ್‌ಐ ಮೇಲೆ ಬರೆದ ಗ್ರಂಥಿ 41 ಸಿಸಿ, ಈ ಸಲ ಇಬ್ಬರ ಗೆರೆಗಳೂ ಹತ್ತಿರಹತ್ತಿರ ಬಂದವು. ಸಿಟಿಯ 51 ಮತ್ತು 60ರ ಪಕ್ಕ ಇದನ್ನಿಟ್ಟು ನೋಡಿದರೆ ಕೆಳತುದಿಯಲ್ಲಿ, ಎಡಬಲದಲ್ಲಿ ಎಷ್ಟು ಅನ್ಯ ಅಂಗಾಂಶ ಸೇರಿಕೊಂಡಿತ್ತು ಎಂಬುದು ಸ್ಪಷ್ಟ.

ಅದಕ್ಕಿಂತ ಗಮನಿಸಬೇಕಾದದ್ದು ಇನ್ನೊಂದು. ಎಡ ಮೇಲ್ಭಾಗದ ಹಿಂಬದಿಯಲ್ಲಿ, ಗೆಡ್ಡೆ ವೀರ್ಯಕೋಶದ ಕಡೆ ಉಬ್ಬಿದ ಜಾಗದಲ್ಲಿ, ಸಿಟಿಯ ಎರಡೂ ಗೆರೆಗಳು ಎಂಆರ್‌ಐ ಗೆರೆಗಿಂತ 4 ಮಿ.ಮೀ. ಒಳಗೇ ನಿಂತಿದ್ದವು. ಒಟ್ಟು ಗಾತ್ರ ದೊಡ್ಡದು, ಬೇಕಾದ ಜಾಗದಲ್ಲೇ ಚಿಕ್ಕದು. ದೊಡ್ಡದಾಗಿ ಬರೆದರೆ ಏನೂ ತಪ್ಪಿಸಿಕೊಳ್ಳುವುದಿಲ್ಲ ಎಂಬ ಸಮಾಧಾನ ನಮ್ಮಲ್ಲಿ ಸಾಮಾನ್ಯ. ಇಲ್ಲಿ ಅದು ಸುಳ್ಳಾಯಿತು.

ಪೆಟ್ ಚಿತ್ರದಿಂದ ಗ್ರಂಥಿಯ ಅಂಚು ಬರೆಯಲಿಲ್ಲ. ಪೆಟ್‌ನ ಬಿಡಿಸಿ ತೋರಿಸುವ ಶಕ್ತಿ 4ರಿಂದ 6 ಮಿ.ಮೀ. ಮಟ್ಟದ್ದು, ಬಣ್ಣದ ಪಟ್ಟಿಯನ್ನು ಸ್ವಲ್ಪ ಸರಿಸಿದರೆ ಗೆಡ್ಡೆ ದೊಡ್ಡದೂ ಆಗುತ್ತದೆ, ಚಿಕ್ಕದೂ ಆಗುತ್ತದೆ. ಗ್ಯಾಲಿಯಂ ಔಷಧ ಮೂತ್ರದಲ್ಲಿ ಹೊರಬರುವುದರಿಂದ ಮೂತ್ರಕೋಶದ ಹೊಳಪು ಗ್ರಂಥಿಯ ಮೇಲ್ಭಾಗವನ್ನು ಮುಚ್ಚುತ್ತದೆ. ದುಗ್ಧಗ್ರಂಥಿಯನ್ನು ಗುರುತಿಸುವುದಕ್ಕೆ ಮಾತ್ರ ಪೆಟ್ ಬಳಸಿ, ಅದರ ಗೆರೆಯನ್ನು ಕಾಂಟ್ರಾಸ್ಟ್ ಕೊಟ್ಟ ಸಿಟಿ ಮೇಲೆ ರಕ್ತನಾಳ ನೋಡಿ ಬರೆಯಲಾಯಿತು.

ಗೆಡ್ಡೆಗೆ ಮಾತ್ರ ಇನ್ನೂ ಹೆಚ್ಚು ಡೋಸ್ ಕೊಡುವ ಯೋಚನೆಯೂ ಇತ್ತು. 571 ಮಂದಿಯ ಫ್ಲೇಮ್ ಅಧ್ಯಯನದಲ್ಲಿ ಹಾಗೆ ಕೊಟ್ಟವರಲ್ಲಿ ಐದು ವರ್ಷಕ್ಕೆ ಪಿಎಸ್‌ಎ ಏರದವರು 92%, ಕೊಡದವರಲ್ಲಿ 85%. ಆದರೆ ಅದಕ್ಕೆ ಗೆಡ್ಡೆಯ ಗಡಿ ಖಚಿತವಾಗಿ ಬೇಕು. ಇವರ ಡಿಫ್ಯೂಷನ್ ಚಿತ್ರ (ಗೆಡ್ಡೆಯನ್ನು ಎತ್ತಿ ತೋರಿಸುವ ಎಂಆರ್‌ಐ ಬಗೆ) ಲೋಹದಿಂದ ತಿರುಚಿತ್ತು, ಹಾರ್ಮೋನ್‌ನಿಂದ ಟಿ2 ಚಿತ್ರದಲ್ಲೂ ಗೆಡ್ಡೆ-ಗ್ರಂಥಿ ವ್ಯತ್ಯಾಸ ಮಸುಕಾಗಿತ್ತು. ಕಾಣದ ಗಡಿಗೆ ಹೆಚ್ಚು ಡೋಸ್ ಸುರಿಯುವುದು ಬೇಡವೆಂದು ಬಿಡಲಾಯಿತು.

ಡೋಸ್ ಪಾಪ್-ಆರ್‌ಟಿ ಮಾದರಿಯದೇ: 25 ಫ್ರಾಕ್ಷನ್‌ಗಳಲ್ಲಿ (ಕಂತುಗಳಲ್ಲಿ) ಪ್ರಾಸ್ಟೇಟ್‌ಗೆ 68 ಗ್ರೇ (ಡೋಸ್ ಅಳೆಯುವ ಮಾನ), ಕಿಬ್ಬೊಟ್ಟೆಗೆ 50, ಹೊಳೆದ ಆ ದುಗ್ಧಗ್ರಂಥಿಗೆ 60. ಮಾರ್ಜಿನ್, ಅಂದರೆ ಬರೆದ ಗೆರೆಯ ಹೊರಗೆ ಸೇರಿಸುವ ಅಂಚು, ಸುತ್ತ 5 ಮಿ.ಮೀ., ಹಿಂದೆ 4. ಲೋಹಕ್ಕೆ ಸ್ಟಿಕ್ಕರ್ ಹೇಳಿದ ಸಾಂದ್ರತೆ ತುಂಬಿಸಿ, ಕಪ್ಪು-ಬಿಳಿ ಪಟ್ಟಿಗಳ ಜಾಗವನ್ನು ಮೃದು ಅಂಗಾಂಶದ ಸಾಂದ್ರತೆಗೆ ಬದಲಿಸಲಾಯಿತು. ಹಾಗೆ ಮಾಡದಿದ್ದರೆ ಕಪ್ಪು ಪಟ್ಟಿಯನ್ನು ಸಾಫ್ಟ್‌ವೇರ್ ಗಾಳಿ ಎಂದೇ ಲೆಕ್ಕ ಹಿಡಿಯುತ್ತದೆ. ಕಿರಣ ಕೊಡುವ ಯಂತ್ರ (ಲಿನಾಕ್) ಸುತ್ತುವಾಗ ಕಿರಣ ಲೋಹದ ಮೂಲಕ ಒಳಹೋಗುವ ಕೋನಗಳಲ್ಲಿ ಬೀಮ್ ಬಂದ್ ಮಾಡಿಸಲಾಯಿತು. ಹೋಲಿಕೆಗೆಂದು ಸಿಟಿಯ 60 ಸಿಸಿ ಗೆರೆಗೂ ಒಂದು ಪ್ಲಾನ್ ಹಾಕಿ ನೋಡಿದಾಗ ಗುದನಾಳದ ಹೆಚ್ಚು ಡೋಸ್ ಬೀಳುವ ಭಾಗ ದೊಡ್ಡದಾಯಿತು, ಶಿಶ್ನದ ಬುಡದ ಸರಾಸರಿ ಡೋಸ್ ಹೆಚ್ಚುಕಡಿಮೆ ಇಮ್ಮಡಿ.

ಚಿಕಿತ್ಸೆ ಶುರುವಾದ ಮೇಲೆ ಲೋಹ ಮತ್ತೆ ಕಾಡಿತು. ಚಿನ್ನದ ಕಾಳು ನೋಡಿ ಜಾಗ ಸರಿಪಡಿಸಲು ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಯುವುದು ವಾಡಿಕೆ. ಪಕ್ಕದ ಎಕ್ಸ್‌ರೇಯಲ್ಲಿ ಮೂರರಲ್ಲಿ ಎರಡು ಕಾಳು ಲೋಹದ ಗುಂಡಿನ ಹಿಂದೆ ಅಡಗಿದವು. ಓರೆ ಕೋನದ ಜೋಡಿ ಎಕ್ಸ್‌ರೇಗಳಲ್ಲಿ ಮೂರೂ ಸಿಕ್ಕವು. ಅದರ ಮೇಲೆ ದಿನವೂ ಸಿಬಿಸಿಟಿ (ಚಿಕಿತ್ಸೆಯ ಯಂತ್ರದಲ್ಲೇ ತೆಗೆಯುವ ಸಿಟಿ), ಅದು ಮುಖ್ಯವಾಗಿ ಗುದನಾಳ, ಮೂತ್ರಕೋಶ ನೋಡುವುದಕ್ಕೆ.

ಇನ್ನೊಂದು ತೊಡಕು ಕಿಬ್ಬೊಟ್ಟೆ ಸೇರಿಸಿದ್ದರಿಂದ ಬಂದದ್ದು. ದುಗ್ಧಗ್ರಂಥಿಗಳು ಮೂಳೆಯ ಜೊತೆಗೇ ಇರುತ್ತವೆ, ಪ್ರಾಸ್ಟೇಟ್ ತನ್ನ ಪಾಡಿಗೆ ಸರಿಯುತ್ತದೆ. ಟೇಬಲ್ಲನ್ನು ಕಾಳಿಗೆ ತಕ್ಕಂತೆ ಸರಿಸಿದರೆ ದುಗ್ಧಗ್ರಂಥಿ ತಪ್ಪುತ್ತದೆ, ಮೂಳೆಗೆ ಹೊಂದಿಸಿದರೆ ಪ್ರಾಸ್ಟೇಟ್ ತಪ್ಪುತ್ತದೆ. ಕಾಳಿಗೇ ಹೊಂದಿಸುವುದು, ಕಾಳು ಮತ್ತು ಮೂಳೆಯ ಅಂತರ 5 ಮಿ.ಮೀ. ದಾಟಿದರೆ ಆ ಹೊತ್ತು ಚಿಕಿತ್ಸೆ ಕೊಡದೆ ಕೆಳಗಿಳಿಸುವುದು ಎಂದು ಮೊದಲೇ ಬರೆದಿಡಲಾಗಿತ್ತು. ಎರಡನೇ ವಾರ ಈ ಗಡಿ ಮೇಲಿಂದ ಮೇಲೆ ದಾಟತೊಡಗಿತು. ಸಿಬಿಸಿಟಿಯಲ್ಲಿ ಗುದನಾಳ ಗಾಳಿಯಿಂದ ಉಬ್ಬಿತ್ತು, ಮೂತ್ರಕೋಶ ಅರ್ಧವೂ ತುಂಬಿರಲಿಲ್ಲ.

ವಿಚಾರಿಸಿದಾಗ ಗೊತ್ತಾಯಿತು. ಬೆಳಗಿನ ಬಸ್ಸಿಗೆ ಊರಿಂದ ಹೊರಡುವ ಮೊದಲೇ ಅವರು ನೀರು ಕುಡಿದುಬಿಡುತ್ತಿದ್ದರು. "ಬಸ್ ಇಳಿಯೋ ಹೊತ್ತಿಗೆ ತಡಕಳಾಕೆ ಆಗಲ್ಲ ಮೇಡಂ. ಸ್ಟ್ಯಾಂಡಲ್ಲೇ ಹೋಗಿಬಿಟ್ಟಿರ್ತೀನಿ" ಎಂದರು ಯಜಮಾನರು. ಹಿಂದಿನ ಸಂಜೆ ಮಂಡಕ್ಕಿ-ಮಿರ್ಚಿ, ರಾತ್ರಿ ಹುರುಳಿಕಾಳು ಸಾರು. ಟೆಕ್ನಿಷಿಯನ್ ಅರ್ಧ ಲೀಟರಿನ ಬಾಟಲಿ ಒಂದನ್ನು ವಿಭಾಗದಲ್ಲೇ ಅವರ ಹೆಸರಿಗೆ ಇಟ್ಟರು. ಬಂದ ಮೇಲೆ ಮೂತ್ರ ಮಾಡಿ, ಅದನ್ನು ಕುಡಿದು, ಗೋಡೆ ಗಡಿಯಾರ ನೋಡಿ ಮುಕ್ಕಾಲು ಗಂಟೆ. ಅವರ ಸರದಿಯನ್ನು ಹನ್ನೊಂದರ ನಂತರಕ್ಕೆ ತಳ್ಳಲಾಯಿತು. ಕಾಳು-ಬೇಳೆ, ಮಿರ್ಚಿ ಬಿಟ್ಟು ರಾತ್ರಿಗೆ ಮುದ್ದೆ ಅಥವಾ ಅನ್ನ, ತಿಳಿಸಾರು. ಮೂರನೇ ವಾರದಿಂದ ಕೆಳಗಿಳಿಸುವ ಪ್ರಸಂಗ ಅಪರೂಪವಾಯಿತು. ಪ್ಲಾನಿಂಗ್ ದಿನ ಗುದನಾಳ ಉಬ್ಬಿದ್ದವರಲ್ಲಿ ಮುಂದೆ ಪಿಎಸ್‌ಎ ಏರುವುದು ಹೆಚ್ಚು ಎಂದು ದಿನದಿನದ ಚಿತ್ರ ನೋಡುವ ಸೌಲಭ್ಯವಿಲ್ಲದ ಕಾಲದಲ್ಲಿ, 2005ರಲ್ಲೇ, ಅಮೆರಿಕದ ಒಂದು ಅಧ್ಯಯನ ತೋರಿಸಿತ್ತು. ಇದನ್ನು ಊಟದ ವಿಷಯ ಎಂದು ಹಗುರವಾಗಿ ಕಾಣುವಂತಿಲ್ಲ.

ಪರಿಣಾಮ ಮತ್ತು ಅದರಿಂದ ತಿಳಿದದ್ದು

25 ಫ್ರಾಕ್ಷನ್‌ಗಳೂ ಮುಗಿದವು. ಮೂತ್ರದ ಉರಿ ಮತ್ತು ಪದೇಪದೇ ಹೋಗುವುದು ನಾಲ್ಕನೇ ವಾರ ಹೆಚ್ಚಿ, ಟ್ಯಾಮ್ಸುಲೋಸಿನ್ ಕೊಟ್ಟ ಮೇಲೆ ತಗ್ಗಿತು. ಸ್ವಲ್ಪ ದಿನ ಭೇದಿ. ಗುದನಾಳದಿಂದ ರಕ್ತ ಹೋಗಲಿಲ್ಲ.

ಎಂಆರ್‌ಐ ಮಾಡಿದ್ದರಿಂದಲೇ ಇವರಿಗೆ ತೊಂದರೆ ಕಡಿಮೆಯಾಯಿತು ಎಂದು ಒಬ್ಬರನ್ನು ನೋಡಿ ಹೇಳಲಾಗದು. ಅಂಚು ಮತ್ತು ದಿನದ ಜಾಗ ಎರಡೂ ಚೆನ್ನಾಗಿ ಕಂಡರೆ ಮಾರ್ಜಿನ್ ಇಳಿಸಬಹುದು, ಮಾರ್ಜಿನ್ ಇಳಿದರೆ ತೊಂದರೆ ಇಳಿಯುತ್ತದೆ ಎಂಬುದಕ್ಕೆ ಬೇರೆ ಪುರಾವೆ ಇದೆ. 2023ರಲ್ಲಿ ಬಂದ ಮಿರಾಜ್ ಅಧ್ಯಯನದಲ್ಲಿ ಸಿಟಿ ನೋಡಿ 4 ಮಿ.ಮೀ. ಮಾರ್ಜಿನ್ ಕೊಟ್ಟವರಲ್ಲಿ 43% ಮಂದಿಗೆ ಮಧ್ಯಮ ಅಥವಾ ಹೆಚ್ಚಿನ ಮೂತ್ರದ ತೊಂದರೆ ಬಂತು, ಎಂಆರ್‌ಐ ನೋಡುತ್ತಲೇ 2 ಮಿ.ಮೀ. ಮಾರ್ಜಿನ್‌ನಲ್ಲಿ ಕೊಟ್ಟವರಲ್ಲಿ 24%. ಎಂಆರ್‌ಐ ಮತ್ತು ಕಿರಣಯಂತ್ರ ಒಂದಾಗಿರುವ ಅಂಥ ಎಂಆರ್-ಲಿನಾಕ್ ದೇಶದಲ್ಲೇ ಬೆರಳೆಣಿಕೆಯಷ್ಟು. ಜಿಲ್ಲಾ ಕೇಂದ್ರದಲ್ಲಿ ಕೈಗೆಟಕುವುದು ಒಂದು ಒಳ್ಳೆಯ ಪ್ಲಾನಿಂಗ್ ಎಂಆರ್‌ಐ, ಮೂರು ಚಿನ್ನದ ಕಾಳು, ದಿನದ ಸಿಬಿಸಿಟಿ. ಇವನ್ನು ಸರಿಯಾಗಿ ಬಳಸಿದರೆ ಬಹಳ ದೂರ ಹೋಗಬಹುದು.

ಹಣ ಒಂದೇ ಸ್ಕ್ಯಾನ್‌ಗೆ ಸಾಕಾಗುತ್ತದೆ ಎಂದಾದರೆ ಯಾವುದು? ಇದಕ್ಕೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಪಿಎಸ್‌ಎ 20 ದಾಟಿದ ಅಥವಾ ಗ್ಲೀಸನ್ 8 ಮತ್ತು ಅದಕ್ಕೂ ಮೇಲಿನ ರೋಗಕ್ಕೆ ಪೆಟ್ ಮೊದಲು, ಏಕೆಂದರೆ ಅದು ಚಿಕಿತ್ಸೆಯ ಕ್ಷೇತ್ರವನ್ನೇ ಬದಲಿಸುತ್ತದೆ. ಪಿಎಸ್‌ಎ 10ರ ಒಳಗೆ, ಗ್ಲೀಸನ್ 3+4 ಇರುವವರಿಗೆ ಪೆಟ್ ಏನನ್ನೂ ಬದಲಿಸದಿರುವ ಸಂಭವವೇ ಹೆಚ್ಚು, ಅವರಿಗೆ ಪ್ಲಾನಿಂಗ್ ಎಂಆರ್‌ಐ ಮೇಲು. ಎರಡೂ ಆಗದಿದ್ದರೆ ಸಿಟಿ ಮೇಲೆಯೇ ಬರೆಯಬೇಕು. ಆಗ ಶಿಶ್ನದ ಬುಡವನ್ನು ಮೊದಲು ಗುರುತಿಸಿಕೊಂಡು, ಕೆಳತುದಿಯನ್ನು ಅದರಿಂದ ಲೆಕ್ಕ ಹಾಕಿ ಮೇಲಕ್ಕೆ ಹೋಗಬೇಕೇ ಹೊರತು ಮೇಲಿನಿಂದ ಬೂದು ಕಂಡಷ್ಟೂ ಕೆಳಗಿಳಿಯುತ್ತ ಹೋಗಬಾರದು.

ಈ ಪ್ರಕರಣದ ನಂತರ ವಿಭಾಗದಲ್ಲಿ ಮೂರು ಬದಲಾವಣೆ ಬಂದವು. ಪ್ರಾಸ್ಟೇಟ್ ರೋಗಿಗೆ ಹಾರ್ಮೋನ್ ಚೀಟಿ ಬರೆಯುವ ಮೊದಲು ಪೆಟ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು. ರೋಗ ಪತ್ತೆಯ ಎಂಆರ್‌ಐಯನ್ನು ಗೆಡ್ಡೆ ಎಲ್ಲಿದೆ ಎಂದು ತಿಳಿಯಲು ಪಕ್ಕದ ತೆರೆಯಲ್ಲಿ ತೆರೆದಿಟ್ಟುಕೊಳ್ಳುವುದು, ಸಿಟಿ ಮೇಲೆ ಕೂರಿಸದಿರುವುದು. ಫ್ಯೂಷನ್ ಒಪ್ಪಿ ಸಹಿ ಹಾಕುವವರು ಮೂಳೆಯನ್ನಲ್ಲ, ಗುದನಾಳದ ಮುಂಗೋಡೆ ಮತ್ತು ಕಾಳುಗಳನ್ನು ನೋಡಿದೆ ಎಂದು ಬರೆಯುವುದು. ಮೂರನೆಯದಕ್ಕೆ ಸ್ವಲ್ಪ ಗೊಣಗಾಟ ಇತ್ತು. ಹೆಚ್ಚು ಹೊತ್ತೇನೂ ಹಿಡಿಯುವ ಕೆಲಸ ಅಲ್ಲ ಎಂದು ತಿಳಿದ ಮೇಲೆ ಅದೂ ನಿಂತಿತು.

ವರ್ಷದ ತಪಾಸಣೆಯಲ್ಲಿ ಯಜಮಾನರ ಪಿಎಸ್‌ಎ 0.1ಕ್ಕಿಂತ ಕೆಳಗಿದೆ. ಅದನ್ನು ರೇಡಿಯೇಷನ್ನಿನ ಗೆಲುವು ಎಂದು ಈಗಲೇ ಬರೆಯುವಂತಿಲ್ಲ, ಹಾರ್ಮೋನ್ ಇಂಜೆಕ್ಷನ್ ಇನ್ನೂ ನಡೆಯುತ್ತಿದೆ. ಅದು ಒಟ್ಟು ಎರಡು ವರ್ಷ. ನಿಂತ ಮೇಲೆ ಪಿಎಸ್‌ಎ ಸ್ವಲ್ಪ ಏರುವುದು ಸಹಜ. ಮುಟ್ಟಿದ ಅತಿ ಕಡಿಮೆ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ರೋಗ ಮರಳಿತು ಎಂದು ಲೆಕ್ಕ. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಹೋಗಲು ಹೇಳಿದೆ. ಅದಕ್ಕೆ ದಾವಣಗೆರೆಗೂ ಬರಬೇಕಿಲ್ಲ, ತಾಲ್ಲೂಕಿನ ಲ್ಯಾಬ್ ಸಾಕು, ಆದರೆ ಪ್ರತಿ ಸಲವೂ ಅದೇ ಲ್ಯಾಬ್ ಆಗಿರಬೇಕು.